ಸೋದರಪ್ರೇಮದ ನಗರದಲ್ಲಿ ಒಂದು ದಿನ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ಮಾತು. ಹತ್ತು ವರ್ಷದ ಬಾಲಕನಾಗಿದ್ದಾಗಲೇ ತುಮಕೂರಿನ ಸಿದ್ಧಗಂಗಾ ಮಠದ ಆಶ್ರಯಕ್ಕೆ ಬಂದು ಸಂಸ್ಕೃತ ಪಾಠಶಾಲೆಯನ್ನು ಸೇರಿದ ನನಗೆ ಕೋಶದ ಪರಿಚಯ ಬೇಗನೆ ಆಯಿತು. ದೇಶ ಸುತ್ತುವ ಯೋಗ ಮಾತ್ರ ಅರವತ್ತು ದಾಟಿದ ಮೇಲೆ ಒದಗಿಬಂದಿತು. ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ ನನ್ನ ಹುಟ್ಟೂರು. ಅಲ್ಲಿಯ ರಾಗಿ ಹೊಲಗಳ ಬದುವಿನ ಮೇಲೆ ನಡೆದು ಬೆಳೆದವನು ಅಮೆರಿಕದ ಮಹಾನಗರವೊಂದರ ಬೀದಿಗಳಲ್ಲಿ ಒಬ್ಬಂಟಿಗನಾಗಿ ಒಂದು ಹಗಲೆಲ್ಲ ಅಲೆದಾಡಿದ ಸಂಗತಿಯನ್ನು ಓದುಗ ಬಂಧುಗಳ ಮುಂದೆ ನಿವೇದಿಸಬೇಕೆಂದು ಬಹುದಿನಗಳಿಂದ ಇದ್ದೆನು. ಬರೆಯಲು ತಡವಾದದ್ದಕ್ಕೆ ಕಾರಣವೂ ಈ ಬರಹದಲ್ಲಿಯೇ ಇದೆ.

2023ರ ಅಕ್ಟೋಬರ್ ತಿಂಗಳು. ನನ್ನ ಮಗನು ಪೆನ್ಸಿಲ್ವೇನಿಯಾ ರಾಜ್ಯದ ಎಕ್ಸ್‌ಟನ್ ಎಂಬ ಊರಿನಲ್ಲಿ ವಾಸವಾಗಿದ್ದಾನೆ. ಅಲ್ಲಿಂದ ಫಿಲಡೆಲ್ಫಿಯಾ ನಗರಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಮಗ ಸೊಸೆಯರಿಬ್ಬರೂ ಕೆಲಸಕ್ಕೆ ಹೋಗುವವರು. “ಶನಿವಾರದವರೆಗೆ ಕಾಯಿರಿ, ಕಾರಿನಲ್ಲಿ ಕರೆದುಕೊಂಡು ಹೋಗುತ್ತೇವೆ” ಎಂದರು. ಕಾರಿನಲ್ಲಿ ಕುಳಿತು ನೋಡಿದ ಊರು ಕಿಟಕಿಯಲ್ಲಿ ಕಂಡ ಚಿತ್ರವಾಗುತ್ತದೆಯೇ ಹೊರತು ಊರಾಗುವುದಿಲ್ಲ. ಕಾಲಿಗೆ ಧೂಳು ಹತ್ತಬೇಕು, ಒಂದೆರಡು ಬಾರಿ ದಾರಿ ತಪ್ಪಬೇಕು, ಅಪರಿಚಿತರನ್ನು ಕೇಳಬೇಕು. ಹೀಗೆಂದು ಹಟ ಹಿಡಿದಾಗ ಅವರು ಒಪ್ಪಿದರು. ಮೊಮ್ಮಗಳು ಒಂದು ಹಾಳೆಯ ಮೇಲೆ ಬೀದಿಗಳ ನಕ್ಷೆಯನ್ನು ಬರೆದು, ಕೆಳಗೆ ಅವಳ ತಂದೆಯ ದೂರವಾಣಿ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಕಾಣಿಸಿ, ನನ್ನ ಜುಬ್ಬದ ಜೇಬಿಗೆ ಇಟ್ಟಳು. ಮಕ್ಕಳನ್ನು ಜಾತ್ರೆಗೆ ಕಳುಹಿಸುವಾಗ ನಾವು ಮಾಡುತ್ತಿದ್ದ ಏರ್ಪಾಡು ಈಗ ನನಗೇ ಆಯಿತು. ಸೊಸೆಯು ಬುತ್ತಿಗೆ ರೊಟ್ಟಿ, ಚಟ್ನಿಪುಡಿಗಳನ್ನು ಕಟ್ಟಿಕೊಟ್ಟಳು. ಶುಕ್ರವಾರ ಮುಂಜಾನೆ ಪೂಜೆ ಮುಗಿಸಿ ರೈಲು ಹತ್ತಿದೆನು.

ಇಬ್ಬರು ನಗರ ನಿರ್ಮಾಪಕರು

ಫಿಲಡೆಲ್ಫಿಯಾ ಎಂದರೆ ಗ್ರೀಕ್ ಭಾಷೆಯಲ್ಲಿ ಸೋದರಪ್ರೇಮ. ವಿಲಿಯಂ ಪೆನ್ ಎಂಬಾತನು 1682ರಲ್ಲಿ ಡೆಲವೇರ್ ಮತ್ತು ಸ್ಕೂಲ್‌ಕಿಲ್ ಎಂಬ ಎರಡು ನದಿಗಳ ನಡುವೆ ಈ ನಗರವನ್ನು ಸ್ಥಾಪಿಸಿದನು. ಆತ ಕ್ವೇಕರ್ ಎಂಬ ಪಂಥಕ್ಕೆ ಸೇರಿದವನು. ತನ್ನ ಶ್ರದ್ಧೆಗಾಗಿ ಇಂಗ್ಲೆಂಡಿನಲ್ಲಿ ಸೆರೆಮನೆಯ ವಾಸವನ್ನೂ ಅನುಭವಿಸಿದ್ದವನು. 1665ರ ಪ್ಲೇಗನ್ನೂ 1666ರ ಮಹಾ ಅಗ್ನಿದುರಂತವನ್ನೂ ಕಂಡ ಲಂಡನ್ನಿನ ಇಕ್ಕಟ್ಟು ಅವನ ಮನಸ್ಸಿನಲ್ಲಿತ್ತು. ಆದಕಾರಣ ತನ್ನ ಊರಿನ ಬೀದಿಗಳು ಅಗಲವಾಗಿ, ನೇರವಾಗಿ, ಚದುರಂಗದ ಮಣೆಯಂತೆ ಇರಬೇಕು, ಮನೆಗಳ ಸುತ್ತ ತೋಟವಿರಬೇಕು, ಊರಿನ ನಡುವೆ ಒಂದು, ನಾಲ್ಕು ಭಾಗಗಳಲ್ಲಿ ನಾಲ್ಕು ಬಯಲುಗಳಿರಬೇಕು ಎಂದು ವಿಧಿಸಿದನು. ಉತ್ತರ ದಕ್ಷಿಣವಾಗಿ ಹೋಗುವ ಬೀದಿಗಳಿಗೆ ಸಂಖ್ಯೆಗಳು. ಪೂರ್ವ ಪಶ್ಚಿಮವಾಗಿ ಹೋಗುವ ಹಲವು ಬೀದಿಗಳಿಗೆ ಚೆಸ್ಟ್‌ನಟ್, ವಾಲ್‌ನಟ್, ಸ್ಪ್ರೂಸ್, ಪೈನ್ ಎಂದು ಮರಗಳ ಹೆಸರು. ಪೂರ್ವದ ನದಿಯಿಂದ ಸಂಖ್ಯೆ ಏರುತ್ತ ಹೋಗುವುದರಿಂದ ಎಣಿಸಲು ಬಲ್ಲವನಿಗೆ ಇಲ್ಲಿ ದಾರಿ ತಪ್ಪುವ ಭಯವಿಲ್ಲ. ಆದರೂ ನಾನು ತಪ್ಪಿದೆನು! ರೈಲು ನಿಲ್ದಾಣದ ನೆಲಮಾಳಿಗೆಯಿಂದ ಮೇಲೆ ಬಂದವನು ಸೂರ್ಯನನ್ನು ನೋಡದೆ ಪಶ್ಚಿಮಕ್ಕೆ ನಡೆದು, ಬೀದಿಯ ಸಂಖ್ಯೆ ಇಳಿಯುವ ಬದಲು ಏರುತ್ತಿರುವುದನ್ನು ಕಂಡು, ನಾಚಿ ಹಿಂದಿರುಗಿದೆನು.

ಮಾಗಡಿ ಸೀಮೆಯವನಿಗೆ ನಗರ ನಿರ್ಮಾಣ ಎಂದೊಡನೆ ನೆನಪಾಗುವವರು ಕೆಂಪೇಗೌಡರು. ಪೆನ್ನನಿಗಿಂತ 145 ವರ್ಷಗಳ ಮೊದಲು, 1537ರಲ್ಲಿ, ಅವರು ಬೆಂಗಳೂರಿಗೆ ಅಡಿಪಾಯ ಹಾಕಿದರು. ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವ ಸ್ಥಳದಿಂದ ನಾಲ್ಕು ದಿಕ್ಕಿಗೂ ಎತ್ತುಗಳನ್ನು ಹೂಡಿ ನೇಗಿಲ ಗೆರೆ ಎಳೆಸಿದರೆಂಬ ಐತಿಹ್ಯವನ್ನು ನಾವೆಲ್ಲ ಬಲ್ಲೆವು. 2015ರಲ್ಲಿ ಅವರ ಸಮಾಧಿಯೆಂದು ಗುರುತಿಸಲಾದ ಸ್ಥಳವಿರುವ ಕೆಂಪಾಪುರವೂ ನಮ್ಮ ಮಾಗಡಿ ತಾಲ್ಲೂಕಿನಲ್ಲಿಯೇ ಇದೆ. ಪೆನ್ನನು ಬೀದಿಗಳಿಗೆ ಮರಗಳ ಹೆಸರಿಟ್ಟನು. ನಮ್ಮ ಬೆಂಗಳೂರಿನ ಹಳೆಯ ಪೇಟೆಗಳಿಗೆ ಜನರ ಕಾಯಕದ ಹೆಸರುಗಳು ನಿಂತವು. ಅಕ್ಕಿಪೇಟೆ, ಬಳೇಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಬೀದಿಯ ಹೆಸರಿನಲ್ಲಿ ದುಡಿಮೆ ಉಳಿಯಿತು ಎಂದು ಮನಸ್ಸಿನಲ್ಲಿಯೇ ಹೆಮ್ಮೆಪಟ್ಟೆನು. ದುಡಿದವನ ಹೆಸರು ಎಲ್ಲಿ ಉಳಿಯಿತು ಎಂಬ ಪ್ರಶ್ನೆ ಆಗ ನನಗೆ ಹೊಳೆಯಲಿಲ್ಲ. ಇನ್ನು ಆರು ಬೀದಿ ನಡೆಯುವುದರೊಳಗೆ ಅದು ಎದುರಾಯಿತು.

ಬಿರುಕು ಬಿಟ್ಟ ಗಂಟೆ

ಈ ನಗರಕ್ಕೆ ಬರುವವರೆಲ್ಲರೂ ಮೊದಲು ನೋಡುವುದು ಸ್ವಾತಂತ್ರ್ಯದ ಗಂಟೆಯನ್ನು. ಲಂಡನ್ನಿನಲ್ಲಿ ಎರಕಗೊಂಡು 1752ರಲ್ಲಿ ಇಲ್ಲಿಗೆ ಬಂದ ಈ ಗಂಟೆಯು ಮೊದಲ ಬಾರಿ ಬಾರಿಸಿ ನೋಡಿದಾಗಲೇ ಸೀಳಿತು. ಪಾಸ್ ಮತ್ತು ಸ್ಟೋ ಎಂಬ ಇಬ್ಬರು ಸ್ಥಳೀಯ ಲೋಹಗಾರರು ಅದನ್ನೇ ಕರಗಿಸಿ 1753ರಲ್ಲಿ ಮತ್ತೆ ಎರಕ ಹೊಯ್ದರು. ತೂಕ 2,080 ಪೌಂಡು, ಎಂದರೆ ಸುಮಾರು 940 ಕಿಲೋಗ್ರಾಂ. ನಾಡಿನ ಜನರೆಲ್ಲರಿಗೂ ಬಿಡುಗಡೆಯನ್ನು ಸಾರಬೇಕೆಂಬ ಅರ್ಥದ ಬೈಬಲ್ಲಿನ ವಾಕ್ಯವೊಂದನ್ನು ಅದರ ಮೈಮೇಲೆ ಕೆತ್ತಲಾಗಿದೆ. 1846ರಲ್ಲಿ ವಾಷಿಂಗ್ಟನ್ನರ ಜನ್ಮದಿನದಂದು ಬಾರಿಸಿದಾಗ ಬಿರುಕು ಹರಡಿ, ಅಂದಿನಿಂದ ಗಂಟೆ ಮೌನವಾಯಿತು. ನಮ್ಮ ಕಣ್ಣಿಗೆ ಅಗಲವಾಗಿ ಕಾಣುವ ಸೀಳು ಮೂಲ ಬಿರುಕಲ್ಲ. ರಿಪೇರಿಗಾಗಿ ಕೊರೆದು ಅಗಲಿಸಿದ ಜಾಗವದು. ದುರಸ್ತಿಯ ಗುರುತೇ ಕೊರತೆಯ ಗುರುತಾಗಿ ಪ್ರಸಿದ್ಧವಾದದ್ದು ವಿಚಿತ್ರ.

ಇದಕ್ಕೆ ‘ಸ್ವಾತಂತ್ರ್ಯದ ಗಂಟೆ’ ಎಂಬ ಹೆಸರನ್ನು ರೂಢಿಗೆ ತಂದವರು 1776ರ ವೀರರಲ್ಲ. 1830ರ ದಶಕದಲ್ಲಿ ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದವರು, ಗಂಟೆಯ ಮೇಲೆ ಕೆತ್ತಿದ ಮಾತು ಎಲ್ಲರಿಗೂ ಅನ್ವಯಿಸಲಿ ಎಂದು ಕೇಳುತ್ತ ಆ ಹೆಸರಿನಿಂದ ಕರೆದರು. ದೇಶವು ಗುಲಾಮಗಿರಿಯನ್ನು ತನ್ನ ಸಂವಿಧಾನದಿಂದಲೇ ನಿಷೇಧಿಸಿದ್ದು 1865ರಲ್ಲಿ. ಅಷ್ಟು ಹೊತ್ತಿಗೆ ಗಂಟೆ ಮೂಕವಾಗಿ ಸುಮಾರು ಇಪ್ಪತ್ತು ವರ್ಷಗಳಾಗಿದ್ದವು.

ಗಂಟೆಯನ್ನು 2003ರಿಂದ ಒಂದು ಹೊಸ ಕಟ್ಟಡದಲ್ಲಿ ಇರಿಸಲಾಗಿದೆ. ಅದರ ಬಾಗಿಲಿಗೆ ಹೋಗುವ ಮುನ್ನ, ಆರನೆಯ ಬೀದಿಯೂ ಮಾರ್ಕೆಟ್ ಬೀದಿಯೂ ಕೂಡುವಲ್ಲಿ, ಸೂರಿಲ್ಲದ ಗೋಡೆಗಳ ಒಂದು ಆವರಣವನ್ನು ಕಂಡೆನು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನರು 1790ರಿಂದ 1797ರವರೆಗೆ ವಾಸವಾಗಿದ್ದ ಮನೆಯ ನಿವೇಶನವದು. ಅಂದು ಫಿಲಡೆಲ್ಫಿಯಾ ದೇಶದ ರಾಜಧಾನಿ. ಮನೆ ಎಂದೋ ಅಳಿದುಹೋಗಿದೆ. ಅದರ ಜಾಗದಲ್ಲಿ 2010ರಲ್ಲಿ ಸ್ಮಾರಕವನ್ನು ತೆರೆಯಲಾಯಿತು. ವಾಷಿಂಗ್ಟನ್ನರು ಆ ಮನೆಯಲ್ಲಿ ಇಟ್ಟುಕೊಂಡಿದ್ದ ಒಂಬತ್ತು ಮಂದಿ ಗುಲಾಮರ ಹೆಸರುಗಳನ್ನು ಅಲ್ಲಿ ಕಲ್ಲಿನಲ್ಲಿ ಕೊರೆಯಲಾಗಿತ್ತು. ಮಾಲ್, ಆಸ್ಟಿನ್, ಹರ್ಕ್ಯುಲಿಸ್, ರಿಚ್ಮಂಡ್, ಗೈಲ್ಸ್, ಪ್ಯಾರಿಸ್, ಕ್ರಿಸ್ಟೋಫರ್, ಜೋ, ಓನ. ಅಡಿಗೆಯವನು, ಕುದುರೆ ನೋಡುವವನು, ಮಗುವನ್ನು ಎತ್ತುವವಳು, ಒಡತಿಯ ಬಟ್ಟೆ ಹೊಲಿಯುವವಳು.

ಅಲ್ಲಿ ನಿಂತಿದ್ದ ಉದ್ಯಾನದ ಸಿಬ್ಬಂದಿಯವರೊಬ್ಬರು ನನ್ನ ಪಂಚೆ ಜುಬ್ಬಗಳನ್ನು ನೋಡಿ ನಗುತ್ತ ಬಂದು, ನಿಧಾನವಾದ ಇಂಗ್ಲಿಷಿನಲ್ಲಿ ವಿವರಿಸಿದರು. 1780ರಲ್ಲಿ ಪೆನ್ಸಿಲ್ವೇನಿಯಾ ಒಂದು ಕಾನೂನು ಮಾಡಿತು. ಹೊರ ರಾಜ್ಯದವರು ಕರೆತಂದ ಗುಲಾಮನು ಆರು ತಿಂಗಳು ಇಲ್ಲಿ ನೆಲಸಿದರೆ ಬಿಡುಗಡೆಯನ್ನು ಕೇಳಬಹುದಾಗಿತ್ತು. ಆರು ತಿಂಗಳು ತುಂಬುವ ಮುನ್ನವೇ ವಾಷಿಂಗ್ಟನ್ನರು ಅವರನ್ನು ರಾಜ್ಯದ ಗಡಿಯಾಚೆ ಕಳುಹಿಸಿ ಮತ್ತೆ ಕರೆಸಿಕೊಳ್ಳುತ್ತಿದ್ದರು. ಓನ ಜಡ್ಜ್ ಎಂಬ ಇಪ್ಪತ್ತರ ಆಸುಪಾಸಿನ ಯುವತಿ 1796ರ ಮೇ ತಿಂಗಳಲ್ಲಿ, ಒಡೆಯರು ಊಟಕ್ಕೆ ಕುಳಿತಿದ್ದಾಗ, ಮನೆಯಿಂದ ಹೊರಗೆ ನಡೆದಳು. ಅವಳು ಓಡಿಹೋದಳೆಂದೂ ಹಿಡಿದುಕೊಟ್ಟವರಿಗೆ ಹತ್ತು ಡಾಲರ್ ಬಹುಮಾನವೆಂದೂ ಪತ್ರಿಕೆಯಲ್ಲಿ ಪ್ರಕಟಣೆ ಬಂದಿತು. ಹಡಗಿನಲ್ಲಿ ಉತ್ತರದ ನ್ಯೂ ಹ್ಯಾಂಪ್‌ಷೈರ್ ಸೇರಿದ ಅವಳು ಬಡತನದಲ್ಲಿ ಬಾಳಿ 1848ರಲ್ಲಿ ತೀರಿಕೊಂಡಳು, ಹಿಂದಿರುಗಲಿಲ್ಲ.

“ಓಡಿಹೋದಳು” ಎಂಬ ಆ ಮಾತನ್ನು ಕೇಳಿದಾಗ ನನ್ನ ಕಾಲು ಅಲ್ಲಿಯೇ ನಿಂತಿತು.

ಸೂರಿನಲ್ಲಿ ಸಿಕ್ಕಿಸಿದ ತಟ್ಟೆ

ತಿಪ್ಪಸಂದ್ರದ ನಮ್ಮ ಮನೆಯಲ್ಲಿ ಒಬ್ಬ ಜೀತದಾಳು ಇದ್ದನು. ಮದುವೆಗೆಂದು ನನ್ನ ತಂದೆಯವರಿಂದ 250 ರೂಪಾಯಿ ಸಾಲ ಪಡೆದು, ಅದರ ಬಡ್ಡಿಗೆ ತನ್ನ ಮೈಯನ್ನೇ ಒತ್ತೆಯಿಟ್ಟವನು. ನಾನು ಹುಟ್ಟುವ ಮೊದಲೇ ಬಂದಿದ್ದನಂತೆ. ಹೊಲ ಉಳುತ್ತಿದ್ದನು, ದನ ಕಟ್ಟುತ್ತಿದ್ದನು, ಸಾಲ ಮಾತ್ರ ತೀರುತ್ತಿರಲಿಲ್ಲ. ನಾನು ಮಠಕ್ಕೆ ಸೇರಲು ಹೊರಟ ದಿನ ನನ್ನ ಕಬ್ಬಿಣದ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಬಸ್ಸಿನವರೆಗೆ ತಂದವನು ಅವನೇ.

ಮಠದಲ್ಲಿ ಪೂಜ್ಯ ಶಿವಕುಮಾರ ಸ್ವಾಮಿಗಳವರ ಕಣ್ಣೆದುರಿನಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತು ಪ್ರಸಾದ ಸ್ವೀಕರಿಸುತ್ತಿದ್ದೆವು. ಪಕ್ಕದಲ್ಲಿ ಕುಳಿತವನು ಯಾರೆಂದು ನಾವು ಕೇಳುತ್ತಿರಲಿಲ್ಲ. ರಜೆಗೆ ಊರಿಗೆ ಬಂದಾಗ ನೋಡುತ್ತಿದ್ದ ನೋಟ ಬೇರೆ. ಅವನ ತಟ್ಟೆಯು ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿರುತ್ತಿತ್ತು. ಅವನೇ ತೆಗೆದು, ತೊಳೆದು, ಹಿತ್ತಿಲ ಬಾಗಿಲಲ್ಲಿ ಒಡ್ಡುತ್ತಿದ್ದನು. ಮೇಲಿನಿಂದ ಮುದ್ದೆ ಬೀಳುತ್ತಿತ್ತು. ಸರ್ವಸಮಾನತೆಯನ್ನು ಸಾರುವ ಶರಣರ ನುಡಿಗಳನ್ನು ಕಂಠಪಾಠ ಮಾಡಿ ಬಂದ ಬಾಲಕನು ಆ ತಟ್ಟೆಯನ್ನು ಆರು ವರ್ಷಗಳ ರಜೆಗಳಲ್ಲಿ ನೋಡಿದನು. ಒಂದು ಮಾತನ್ನೂ ಆಡಲಿಲ್ಲ. ತಂದೆಯವರು ಕೆಟ್ಟವರಾಗಿರಲಿಲ್ಲ. ಜಂಗಮರಿಗೆ ದಾಸೋಹ ಮಾಡುತ್ತಿದ್ದರು, ಸುಳ್ಳು ಹೇಳುತ್ತಿರಲಿಲ್ಲ. ವಾಷಿಂಗ್ಟನ್ನರನ್ನೂ ಅವರ ದೇಶದವರು ಹೀಗೆಯೇ ಹೊಗಳುತ್ತಾರೆ.

1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆಯ ಮೂಲಕ, 1976ರಲ್ಲಿ ಕಾಯಿದೆಯ ಮೂಲಕ ಜೀತ ಪದ್ಧತಿಯನ್ನು ರದ್ದು ಮಾಡಲಾಯಿತು. ಜೀತಕ್ಕೆ ಕಾರಣವಾದ ಸಾಲಗಳೂ ಅಳಿದವು. ಆ ವರ್ಷದ ಒಂದು ಬೆಳಗ್ಗೆ ನಮ್ಮ ಕೊಟ್ಟಿಗೆ ಬರಿದಾಗಿತ್ತು. “ಹೇಳದೆ ಕೇಳದೆ ಓಡಿಹೋದ” ಎಂದು ಮನೆಯ ಹಿರಿಯರು ಎಷ್ಟೋ ದಿನ ಅಂದುಕೊಂಡರು. ಕಾನೂನು ಬಿಡಿಸಿದವನು ಮನೆಗೆ ಹೋದುದನ್ನು ‘ಓಡಿಹೋಗುವುದು’ ಎಂದು ಕರೆಯಬಹುದೇ ಎಂದು ಹದಿನಾರು ವರ್ಷದ ನಾನು ಕೇಳಲಿಲ್ಲ. ತಂದೆಯವರು ತೀರಿಕೊಂಡ ಮೇಲೆ ಅವರ ಲೆಕ್ಕದ ಪುಸ್ತಕ ನನ್ನ ಕೈಗೆ ಬಂದಿತು. ಅದರಲ್ಲಿ ಮಾರಿದ ಎತ್ತುಗಳ ಹೆಸರಿದೆ. ಆ ಸಾಲದ ಎದುರಿಗೆ ಇರುವುದು “ಹಟ್ಟಿಯ ಆಳು” ಎಂಬ ಎರಡು ಪದಗಳು ಮಾತ್ರ.

ಅಮೆರಿಕದ ಆ ಕಲ್ಲುಗೋಡೆಯ ಮುಂದೆ ನಿಂತು ನಾನು ಅವನ ಹೆಸರನ್ನು ನೆನಪಿಸಿಕೊಳ್ಳಲು ಪ್ರಯತ್ನಿಸಿದೆನು. ನೆನಪಾಗಲಿಲ್ಲ. ನೆನಪಾಗಲು ಅದು ನನಗೆ ಎಂದೂ ತಿಳಿದೇ ಇರಲಿಲ್ಲ.

ಸಭಾಭವನ, ಮೌನಮಂದಿರ

ಗಂಟೆಯ ಮಂದಿರದ ದಕ್ಷಿಣಕ್ಕೆ ಬೀದಿ ದಾಟಿದರೆ ಸ್ವಾತಂತ್ರ್ಯ ಭವನ. ಕೆಂಪು ಇಟ್ಟಿಗೆಯ ಈ ಸರಳ ಕಟ್ಟಡದಲ್ಲಿ 1776ರ ಜುಲೈ 4ರಂದು ಸ್ವಾತಂತ್ರ್ಯ ಘೋಷಣೆಯು ಅಂಗೀಕಾರವಾಯಿತು. 1787ರಲ್ಲಿ ಸಂವಿಧಾನವು ರೂಪುಗೊಂಡಿತು. ಸಣ್ಣ ಸಭಾಂಗಣ, ಹಸಿರು ಬಟ್ಟೆ ಹೊದಿಸಿದ ಮೇಜುಗಳು. ಅಧ್ಯಕ್ಷ ಪೀಠವಾಗಿದ್ದ ಕುರ್ಚಿಯ ಬೆನ್ನಿನಲ್ಲಿ ಅರ್ಧ ಸೂರ್ಯನ ಕೆತ್ತನೆಯಿದೆ. ಅದು ಉದಯಿಸುವ ಸೂರ್ಯನೋ ಮುಳುಗುವವನೋ ಎಂಬ ಸಂದೇಹದಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್, ಸಂವಿಧಾನಕ್ಕೆ ಸಹಿ ಬಿದ್ದ ಮೇಲೆ, ಉದಯಸೂರ್ಯನೇ ಎಂದು ಸಂತೋಷಪಟ್ಟರಂತೆ. ಘೋಷಣೆಯ ಕರಡನ್ನು ಬರೆದ ಥಾಮಸ್ ಜೆಫರ್‌ಸನ್ ಅಂದು ಹತ್ತಿರದ ಏಳನೆಯ ಬೀದಿಯ ಮೂಲೆಯಲ್ಲಿ ಬಾಡಿಗೆಗಿದ್ದರು. ಮಾನವರೆಲ್ಲ ಸಮಾನರೆಂಬ ವಾಕ್ಯವನ್ನು ಅವರು ಬರೆದ ದಿನಗಳಲ್ಲಿ ಅವರ ಸೇವೆಗೆ ಇದ್ದವನು ರಾಬರ್ಟ್ ಹೆಮಿಂಗ್ಸ್ ಎಂಬ ಹದಿನಾಲ್ಕು ವರ್ಷದ ಗುಲಾಮ ಬಾಲಕ. ವಾಕ್ಯವು ಬರೆದವನಿಗಿಂತ ದೊಡ್ಡದಾಗಿತ್ತು. ನಮ್ಮ ಮನೆಯಲ್ಲಿಯೂ ಹಾಗೆಯೇ ಆಗಿತ್ತಲ್ಲವೇ?

ಅಲ್ಲಿಂದ ಉತ್ತರಕ್ಕೆ ಆರ್ಚ್ ಬೀದಿಯಲ್ಲಿ ಫ್ರಾಂಕ್ಲಿನ್ನರ ಸಮಾಧಿಯಿದೆ. ಗೋಡೆಯ ಸರಳುಗಳ ಹಿಂದೆ ಒಂದು ಸಾದಾ ಚಪ್ಪಡಿ, ಅದರ ಮೇಲೆ ದಾರಿಹೋಕರು ಎಸೆದ ನಾಣ್ಯಗಳು. ಒಂದು ಕಾಲದಲ್ಲಿ ತಾವೂ ಗುಲಾಮರ ಒಡೆಯರಾಗಿದ್ದ ಅವರು, 1790ರಲ್ಲಿ ಸಾಯುವ ಕೆಲವೇ ವಾರಗಳ ಮೊದಲು, ಗುಲಾಮಗಿರಿಯನ್ನು ತೊಲಗಿಸಬೇಕೆಂಬ ಮನವಿಗೆ ಸಹಿ ಮಾಡಿ ಶಾಸನಸಭೆಗೆ ಕಳುಹಿಸಿದರು. ಮುಪ್ಪಿನಲ್ಲಿಯೂ ಮನುಷ್ಯನು ತಿದ್ದಿಕೊಳ್ಳಬಹುದೆಂಬುದಕ್ಕೆ ಇದೊಂದು ಸಾಕ್ಷಿ. ಆ ದಿನ ನನಗೆ ಅಂತಹ ಸಾಕ್ಷಿಯ ಅಗತ್ಯವಿತ್ತು.

ಅದೇ ಬೀದಿಯಲ್ಲಿ 1804ರಲ್ಲಿ ಕಟ್ಟಿದ ಕ್ವೇಕರರ ಸಭಾಮಂದಿರವಿದೆ. ಒಳಗೆ ಹೋದರೆ ಮೂರ್ತಿಯಿಲ್ಲ, ಶಿಲುಬೆಯಿಲ್ಲ, ಪುರೋಹಿತನ ಪೀಠವಿಲ್ಲ. ಮರದ ಬೆಂಚುಗಳು, ಕಿಟಕಿಯ ಬೆಳಕು. ಪ್ರಾರ್ಥನೆಯ ದಿನ ಎಲ್ಲರೂ ಮೌನವಾಗಿ ಕೂಡುತ್ತಾರೆ. ಅಂತರಂಗದಲ್ಲಿ ಪ್ರೇರಣೆಯಾದವರು, ಹೆಣ್ಣಾಗಲಿ ಗಂಡಾಗಲಿ, ಎದ್ದು ನಾಲ್ಕು ಮಾತನಾಡಿ ಕುಳಿತುಕೊಳ್ಳುತ್ತಾರೆ. ಹನ್ನೆರಡನೆಯ ಶತಮಾನದ ಕಲ್ಯಾಣದ ಅನುಭವ ಮಂಟಪ ನನಗೆ ನೆನಪಾಯಿತು. ಆದರೆ ಈ ಜನರ ಕಥೆಯೂ ನೇರವಾದದ್ದಲ್ಲ. ಪೆನ್ನನೇ ಗುಲಾಮರನ್ನು ಹೊಂದಿದ್ದನು. 1688ರಲ್ಲಿ ಇಲ್ಲಿಯ ಜರ್ಮನ್‌ಟೌನಿನ ನಾಲ್ವರು ಗುಲಾಮಗಿರಿಯ ವಿರುದ್ಧ ಮನವಿ ಬರೆದು ತಮ್ಮ ಪಂಥದ ಸಭೆಗೆ ಒಪ್ಪಿಸಿದರು. ಸಭೆಯು ಅದನ್ನು ಬದಿಗಿಟ್ಟಿತು. ಸದಸ್ಯರಾರೂ ಗುಲಾಮರನ್ನು ಇಟ್ಟುಕೊಳ್ಳಕೂಡದೆಂದು ಅದೇ ಸಭೆ ವಿಧಿಸಿದ್ದು 1776ರಲ್ಲಿ. ಧರ್ಮದ ಮಾತು ಬಾಯಿಂದ ಕೊಟ್ಟಿಗೆಯವರೆಗೆ ನಡೆಯಲು 88 ವರ್ಷ ಹಿಡಿಯಿತು. ಬೆಂಚಿನ ಮೇಲೆ ಅರ್ಧ ಗಂಟೆ ಕಣ್ಣು ಮುಚ್ಚಿ ಕುಳಿತೆನು. ಯಾರೂ ಏಕೆಂದು ಕೇಳಲಿಲ್ಲ.

ಸಂತೆ ಮತ್ತು ಕಲ್ಲಿನ ಮಂಟಪ

ಹೊಟ್ಟೆ ತನ್ನ ಕಾಯಕವನ್ನು ಮರೆಯದು. ಹನ್ನೆರಡನೆಯ ಬೀದಿಯ ರೀಡಿಂಗ್ ಟರ್ಮಿನಲ್ ಮಾರುಕಟ್ಟೆಗೆ ಬಂದೆನು. ಹಳೆಯ ರೈಲು ನಿಲ್ದಾಣದ ಕೆಳಗೆ 1890ರ ದಶಕದಿಂದ ನಡೆದುಬಂದ ಸಂತೆಯಿದು. ಗದ್ದಲ, ವಾಸನೆ, ನೂಕುನುಗ್ಗಲು ಎಲ್ಲವೂ ಕುಣಿಗಲ್ ಸಂತೆಯಂತೆಯೇ! ಆಮಿಷ್ ಎಂಬ ಪಂಥದ ರೈತರು ಸಾದಾ ಉಡುಪು ಧರಿಸಿ ಹಣ್ಣು, ಜೇನು, ಬಿಸಿ ರೊಟ್ಟಿಗಳನ್ನು ಮಾರುತ್ತಿದ್ದರು. ಊರಿನಲ್ಲಿ ಇಂದಿಗೂ ಕುದುರೆ ಗಾಡಿಯಲ್ಲಿ ಓಡಾಡುವ ಈ ಜನರು ಹದಿನೆಂಟನೆಯ ಶತಮಾನದಲ್ಲಿ ಬಂದವರು. ಮನೆಯಲ್ಲಿ ಈಗಲೂ ಜರ್ಮನ್ ಭಾಷೆಯ ಒಂದು ಬಗೆಯನ್ನೇ ಆಡುತ್ತಾರೆ. ನನ್ನ ಮೊಮ್ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುವುದು ನೆನಪಾಗಿ ನಿಟ್ಟುಸಿರು ಬಂದಿತು. ಒಂದು ಸೇಬನ್ನು ಕೊಂಡು, ಮೂಲೆಯಲ್ಲಿ ಕುಳಿತು ಬುತ್ತಿ ಬಿಚ್ಚಿದೆನು. ಎದುರಿಗೆ ಕುಳಿತ ವೃದ್ಧ ಕಪ್ಪು ಮಹಿಳೆಯೊಬ್ಬರು ಚಟ್ನಿಪುಡಿಯನ್ನು ಕುತೂಹಲದಿಂದ ನೋಡಿದರು. ರೊಟ್ಟಿಯ ತುಂಡಿನೊಡನೆ ಕೊಟ್ಟೆನು. ಕಣ್ಣಲ್ಲಿ ನೀರು ತುಂಬಿದರೂ ಇನ್ನಷ್ಟು ಕೇಳಿ ತಿಂದರು. ಒಂದೇ ಮೇಜಿನ ಮೇಲೆ ಅನ್ನ ಹಂಚಿಕೊಳ್ಳುವುದು ಇಷ್ಟು ಸುಲಭವೇ ಎಂದು ನನ್ನನ್ನೇ ಕೇಳಿಕೊಂಡೆನು.

ನಗರದ ನಟ್ಟನಡುವಣ ಬಯಲಿನಲ್ಲಿ ನಗರಸಭಾ ಭವನವು ನಿಂತಿದೆ. 1871ರಿಂದ 1901ರವರೆಗೆ ಕಟ್ಟಿದ ಈ ಭವನದ ಗೋಪುರ 548 ಅಡಿ ಎತ್ತರ. ತುದಿಯಲ್ಲಿ ಪೆನ್ನನ 37 ಅಡಿಯ ಕಂಚಿನ ಪ್ರತಿಮೆ. ಅವನ ಟೋಪಿಗಿಂತ ಎತ್ತರಕ್ಕೆ ಯಾರೂ ಕಟ್ಟಬಾರದೆಂಬ ಅಲಿಖಿತ ಒಪ್ಪಂದವನ್ನು ನಗರವು 1980ರ ದಶಕದವರೆಗೆ ಪಾಲಿಸಿತು. ಈಗ ಗಾಜಿನ ಗೋಪುರಗಳ ನಡುವೆ ಅವನು ಕುಳ್ಳನಾಗಿದ್ದಾನೆ. ಕೆಂಪೇಗೌಡರ ಗಡಿಗೋಪುರಗಳನ್ನು ದಾಟಿ ಬೆಳೆದ ಬೆಂಗಳೂರಿನ ಗತಿಯೂ ಇದೇ.

ಕೊನೆಗೆ, ಮರಗಳ ಸಾಲಿನ ಅಗಲವಾದ ಹೆದ್ದಾರಿಯಲ್ಲಿ ನಡೆದು, 72 ಮೆಟ್ಟಿಲುಗಳನ್ನು ಏರಿ, ಕಲಾ ಸಂಗ್ರಹಾಲಯವನ್ನು ತಲುಪಿದೆನು. ‘ರಾಕಿ’ ಎಂಬ 1976ರ ಚಲನಚಿತ್ರದ ನಾಯಕನಂತೆ ಯುವಕರು ಆ ಮೆಟ್ಟಿಲುಗಳನ್ನು ಓಡಿ ಹತ್ತುತ್ತಿದ್ದರು. ನಾನು ಮೂರು ಕಡೆ ಕುಳಿತು ಹತ್ತಿದೆನು. ಒಳಗೆ ಒಂದು ಕೋಣೆಯ ಬಾಗಿಲು ದಾಟಿದೊಡನೆ ನನ್ನ ಕೈಗಳು ತಾವಾಗಿಯೇ ಮುಗಿದವು. ಮಧುರೆಯ ಮದನಗೋಪಾಲ ಸ್ವಾಮಿ ದೇವಾಲಯದ ಕಲ್ಲಿನ ಕಂಬಗಳ ಮಂಟಪವೇ ಅಲ್ಲಿ ನಿಂತಿದೆ! ಕಳಚಿಬಿದ್ದಿದ್ದ ಕಲ್ಲುಗಳನ್ನು ಈ ನಗರದ ಆಡಲೈನ್ ಪೆಪ್ಪರ್ ಗಿಬ್ಸನ್ ಎಂಬ ಮಹಿಳೆ 1912ರಲ್ಲಿ ಮಧುರೆಯಲ್ಲಿ ಕೊಂಡುತಂದರು. ಅವರು ತೀರಿಕೊಂಡ ಮೇಲೆ 1919ರಲ್ಲಿ ಕುಟುಂಬದವರು ಸಂಗ್ರಹಾಲಯಕ್ಕೆ ದಾನ ಕೊಟ್ಟರು. ಕಂಬಗಳು ಹದಿನಾರನೆಯ ಶತಮಾನದವು. ಎಂದರೆ ಕೆಂಪೇಗೌಡರ ಕಾಲದವು, ವಿಜಯನಗರದ ನೆರಳಿನಲ್ಲಿ ಎದ್ದವು. ದಾನಿಯ ಹೆಸರು ಫಲಕದ ಮೇಲಿದೆ. ದೇವಾಲಯದ ಹೆಸರಿದೆ. ಕಲ್ಲನ್ನು ಕಡಿದವನ ಹೆಸರು ಇರಲಿಲ್ಲ. ಬೆಳಗಿನಿಂದ ನನ್ನ ಬೆನ್ನು ಹತ್ತಿದ್ದ ಪ್ರಶ್ನೆ ಅಲ್ಲಿಯೂ ಬಂದು ನಿಂತಿತು.

ಕತ್ತಲಾಗುವ ಹೊತ್ತಿಗೆ ರೈಲು ಹತ್ತಿದೆನು. ಎಕ್ಸ್‌ಟನ್ ನಿಲ್ದಾಣದಲ್ಲಿ ಕಾಯುತ್ತಿದ್ದ ಮೊಮ್ಮಗಳು “ಏನೇನು ನೋಡಿದಿರಿ, ತಾತ?” ಎಂದು, ಅಪರೂಪಕ್ಕೆ, ಕನ್ನಡದಲ್ಲಿಯೇ ಕೇಳಿದಳು. ಗಂಟೆಯನ್ನು ನೋಡಿದೆನೆಂದು ಹೇಳಿದೆನು.

ಊರಿಗೆ ಮರಳಿದ ಮೇಲೆ

ತಿಪ್ಪಸಂದ್ರಕ್ಕೆ ಮರಳಿದ ಮೇಲೆ ಎರಡು ತಿಂಗಳು ಏನೇನೋ ನೆಪ ಹೂಡಿ ಕಳೆದೆನು. ಕೊನೆಗೆ ಒಂದು ಸಂಜೆ ಅವನ ಮನೆಯವರನ್ನು ಹುಡುಕಿಕೊಂಡು ಹೋದೆನು. ಅವನು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮೊಮ್ಮಗ ಓದಿ ಉದ್ಯೋಗದಲ್ಲಿದ್ದಾನೆ. ಕುರ್ಚಿ ಹಾಕಿ ಕೂರಿಸಿದನು. ನಿಮ್ಮ ತಾತನ ಹೆಸರೇನೆಂದು ಕೇಳಿದೆನು. ಹೇಳಿದನು. ಆಮೇಲೆ ಶಾಂತವಾಗಿ, “ಈಗ ಯಾಕೆ ಕೇಳ್ತೀರಿ, ಸ್ವಾಮಿ?” ಎಂದನು. ನನ್ನ ಬಳಿ ಉತ್ತರವಿರಲಿಲ್ಲ. ಅವನ ತಾಯಿ ಕಾಫಿ ತಂದುಕೊಟ್ಟರು, ಕುಡಿದು ಬಂದೆನು.

ಆ ಹೆಸರನ್ನು ಇಲ್ಲಿ ಅಚ್ಚು ಮಾಡುವುದಿಲ್ಲ. ಅದು ಅವರ ಮನೆಯ ಸೊತ್ತು. ನನ್ನ ಲೇಖನದ ಅಲಂಕಾರವಾಗಬಾರದು. ಆದರೆ ಆ ರಾತ್ರಿ ತಂದೆಯವರ ಲೆಕ್ಕದ ಪುಸ್ತಕವನ್ನು ತೆರೆದು, “ಹಟ್ಟಿಯ ಆಳು” ಎಂದಿದ್ದ ಕಡೆ ಆ ಹೆಸರನ್ನು ನನ್ನ ಕೈಯಾರೆ ಬರೆದಿದ್ದೇನೆ. ಇದರಿಂದ ಸಾಲ ತೀರಿತೆಂದು ನಾನು ಭಾವಿಸಿಲ್ಲ. ನಮ್ಮ ಕಡೆಯ ಬಾಕಿ ಎಷ್ಟೆಂದು ಈಗಲಾದರೂ ತಿಳಿಯಿತು, ಅಷ್ಟೇ. ಓದುಗ ಬಂಧುಗಳ ಮನೆಗಳಲ್ಲಿಯೂ ಹಳೆಯ ಲೆಕ್ಕದ ಪುಸ್ತಕಗಳು ಅಟ್ಟದ ಮೇಲೆ ಇದ್ದಾವು. ಬಿಡುವಾದಾಗ ಒಮ್ಮೆ ಇಳಿಸಿ ನೋಡಬೇಕೆಂದು ವಿನಂತಿ.